ಬೆಂಚಿನ ಸದ್ದಿಗೆ ಓಡುವ ಹುಡುಗ

ಪ್ರಶ್ನೆ: ನಾನು ಏಳನೇ ತರಗತಿಯ ಟೀಚರ್. ಮೂರು ತಿಂಗಳ ಹಿಂದೆ ನನ್ನ ಒಬ್ಬ ವಿದ್ಯಾರ್ಥಿಯ ಮನೆಗೆ ಬೆಂಕಿ ಬಿತ್ತು. ಎಲ್ಲರೂ ಬದುಕಿಕೊಂಡರು. ಆದರೆ ಅವನು ಈಗ ಬೆಂಚು ಎಳೆದ ಸದ್ದಿಗೂ ಬೆಚ್ಚಿ ಹೊರಗೆ ಓಡುತ್ತಾನೆ. ಕೆಲವು ದಿನ ಹೆಸರು ಹಿಡಿದು ಕರೆದರೂ ಕೇಳಿಸದವನ ಹಾಗೆ ಕೂತಿರುತ್ತಾನೆ. ಉಳಿದ ಶಿಕ್ಷಕರು ‘ಸಲುಗೆ ಜಾಸ್ತಿ ಆಯ್ತು, ನಾಟಕ’ ಅನ್ನುತ್ತಾರೆ. ಪಕ್ಕ ಕೂರಿಸಿಕೊಂಡು ಆ ರಾತ್ರಿಯದ್ದೆಲ್ಲ ಹೇಳಿಸಿದರೆ, ಅತ್ತುಬಿಟ್ಟರೆ, ಹಗುರ ಆಗುತ್ತಾನಾ?

ಉತ್ತರ: ಹೇಳಿಸಬೇಡಿ. ನಿಮ್ಮ ಮನಸ್ಸು ಒಳ್ಳೆಯದು, ಆದರೂ ಬೇಡ. ಆಘಾತ ಆದವರನ್ನು ಕೂರಿಸಿ ನಡೆದದ್ದನ್ನು ಒಂದೇ ಸಲಕ್ಕೆ ಹೊರಗೆ ಹಾಕಿಸುವ ಪದ್ಧತಿ ಹಿಂದೆ ಚಾಲ್ತಿಯಲ್ಲಿತ್ತು, ಅದನ್ನು ವಿಶ್ವ ಆರೋಗ್ಯ ಸಂಸ್ಥೆ ಈಗ ಬೇಡ ಅನ್ನುತ್ತದೆ. 2011ರಲ್ಲಿ ಬಂದ ಅದರ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಹೇಳುವುದು ಮೂರೇ ಕೆಲಸ: ನೋಡಿ, ಕೇಳಿಸಿಕೊಳ್ಳಿ, ನೆರವು ಇರುವ ಕಡೆಗೆ ಜೋಡಿಸಿ. ಕೇಳಿಸಿಕೊಳ್ಳುವುದು ಬೇರೆ, ಕೆದಕುವುದು ಬೇರೆ. ಅವನಾಗಿ ಹೇಳಿದರೆ ಕೇಳಿ, ಅಷ್ಟೇ.

ಇದು ನಾಟಕ ಅಲ್ಲ. ಮಿದುಳಿನಲ್ಲಿ ಅಮಿಗ್ಡಲ ಅನ್ನುವ ಪುಟ್ಟ ಭಾಗ ಅಪಾಯ ಕಂಡ ಕೂಡಲೇ ಮೈಯನ್ನು ಎಚ್ಚರಿಸುತ್ತದೆ. ದೊಡ್ಡ ಭಯ ಕಂಡ ಮಗುವಿನಲ್ಲಿ ಅದು ಸಣ್ಣ ಸದ್ದಿಗೂ ಕೂಗಿಕೊಳ್ಳುತ್ತದೆ. ಆಗ ಯೋಚಿಸಿ ನಿರ್ಧರಿಸುವ ಭಾಗದ, ಅಂದರೆ ಹಣೆಯ ಹಿಂದಿನ ಮಿದುಳಿನ, ಹಿಡಿತ ಸಡಿಲ ಆಗುತ್ತದೆ. ಓಡುವುದು, ಮೈಮೇಲೆ ಬೀಳುವುದು, ಕಲ್ಲಿನ ಹಾಗೆ ಕೂರುವುದು, ಮೂರೂ ಒಂದೇ ಭಯದ ಮೂರು ಮುಖ. ನನಗೆ ಜಾಸ್ತಿ ಚಿಂತೆ ಇರುವುದು ಅವನು ಸುಮ್ನೆ ಕೂರುವ ದಿನಗಳ ಬಗ್ಗೆ, ಯಾಕೆಂದರೆ ಆ ದಿನ ಯಾರಿಗೂ ತೊಂದರೆ ಇಲ್ಲ, ಹಾಗಾಗಿ ಯಾರೂ ಅವನ ಕಡೆ ನೋಡುವುದೂ ಇಲ್ಲ.

ನಿಮ್ಮ ಕೈಯಲ್ಲಿ ಇರುವುದು ಅವನ ದಿನ. ಮುಂದೇನು ಅಂತ ಅವನಿಗೆ ಮೊದಲೇ ಗೊತ್ತಿರಲಿ. ಪಾಠದ ವೇಳೆ ಬದಲಾದರೆ ಬೆಳಗ್ಗೆಯೇ ಹೇಳಿ. ಎಲ್ಲಿ ಕೂರುತ್ತೀಯ ಅಂತ ಅವನನ್ನೇ ಕೇಳಿ, ಬಹುಶಃ ಬೆನ್ನಿಗೆ ಗೋಡೆ ಇರುವ, ಬಾಗಿಲು ಕಾಣುವ ಜಾಗ ಬೇಕು ಅಂದಾನು. ಹೊರಗೆ ಹೋಗಬೇಕು ಅನ್ನಿಸಿದಾಗ ಮೇಜಿನ ಮೇಲೆ ಇಡಲು ಒಂದು ಚೀಟಿ, ಹೋಗಿ ಕೂರಲು ಒಂದು ಜಾಗ, ಅಲ್ಲಿ ಒಬ್ಬ ಪರಿಚಿತರು, ಇಷ್ಟನ್ನು ಮೊದಲೇ ಮಾತಾಡಿ ಇಟ್ಟುಕೊಳ್ಳಿ. ಓಡುವಾಗ ಹಿಂದಿನಿಂದ ಹಿಡಿಯಬೇಡಿ. ವಾಪಸ್ ಬಂದ ತಕ್ಷಣ ‘ಯಾಕೆ ಓಡಿದೆ’ ಅಂತ ಕೇಳಿದರೆ ಅವನ ಹತ್ತಿರವೂ ಉತ್ತರ ಇರುವುದಿಲ್ಲ, ಅಲ್ವಾ? ಇನ್ನೊಂದು ಮಾತು, ಇದನ್ನು ಮರೆಯಲೇಬೇಡಿ: ಶಾಲೆಯಲ್ಲಿ ಬೆಂಕಿ ಅಣಕು ಕವಾಯತು ಇದ್ದರೆ ಅವನಿಗೂ ಮನೆಯವರಿಗೂ ಮುಂಚೆಯೇ ತಿಳಿಸಿ, ಗಂಟೆ ಹೊಡೆಯುವ ಮೊದಲೇ ಅವನನ್ನು ಹೊರಗೆ ಕರೆದುಕೊಂಡು ಹೋಗಿ ಜೊತೆಗೆ ನಿಂತಿರಿ.

ಸಲುಗೆ ಅನ್ನುವವರಿಗೆ ಹೇಳಿ, ನಿಯಮಗಳು ಎಲ್ಲರಿಗೂ ಹಾಗೆಯೇ ಇರುತ್ತವೆ. ಯಾರನ್ನಾದರೂ ಹೊಡೆದರೆ ಅದು ತಪ್ಪೇ. ಆದರೆ ಬೆಚ್ಚಿದ್ದಕ್ಕೆ ಶಿಕ್ಷೆ ಇಲ್ಲ. ಇದನ್ನೆಲ್ಲ ಇಡೀ ತರಗತಿಗೇ ಮಾಡಿದರೆ ಇನ್ನೂ ಒಳ್ಳೆಯದು. 1998ರಲ್ಲಿ ಅಮೆರಿಕದ ಫೆಲಿಟಿ, ಆಂಡಾ ಮತ್ತು ಜೊತೆಗಾರರು 9,500ಕ್ಕೂ ಹೆಚ್ಚು ವಯಸ್ಕರ ಬಾಲ್ಯದ ಬಗ್ಗೆ ಕೇಳಿ ಒಂದು ಅಧ್ಯಯನ ಪ್ರಕಟಿಸಿದರು. ಅರ್ಧಕ್ಕಿಂತ ಜಾಸ್ತಿ ಜನ ಹಿಂಸೆಯನ್ನೋ ಮನೆಯೊಳಗಿನ ದೊಡ್ಡ ಕಷ್ಟವನ್ನೋ ಒಂದು ಬಗೆಯಲ್ಲಾದರೂ ಕಂಡವರು. ನಿಮ್ಮ ತರಗತಿಯಲ್ಲೂ ಹೇಳದೆ ಕೂತವರು ಇರುತ್ತಾರೆ.

ಮೂರು ತಿಂಗಳು ಕಳೆದಿದೆ ಅಂದಿರಿ. ಒಂದು ತಿಂಗಳು ದಾಟಿದ ಮೇಲೂ ಹೀಗಿದ್ದರೆ ತರಬೇತಿ ಪಡೆದ ಮಕ್ಕಳ ಮನೋತಜ್ಞರು ನೋಡಬೇಕು. ಮನೆಯವರ ಜೊತೆ ಈ ವಾರವೇ ಮಾತಾಡಿ. ತಜ್ಞರ ಹತ್ತಿರ ಆ ರಾತ್ರಿಯ ಮಾತೂ ಬರುತ್ತದೆ. ಆದರೆ ಅವರು ಮೊದಲು ಮೈ ಶಾಂತ ಮಾಡಿಕೊಳ್ಳುವುದನ್ನು ಕಲಿಸುತ್ತಾರೆ, ಆ ಮಾತು ಆಮೇಲೆ, ಮಗು ತಾಳಿಕೊಳ್ಳುವಷ್ಟು, ಸ್ವಲ್ಪ ಸ್ವಲ್ಪವಾಗಿ.

ಪ್ರಶ್ನೆ: ಸಹಪಾಠಿಗಳ ಕಿರುಕುಳ ತಾಳಲಾರದೆ ಮಗಳ ಶಾಲೆ ಬದಲಿಸಿದೆವು. ಹೊಸ ಶಾಲೆಗೆ ನಡೆದದ್ದೆಲ್ಲ ಹೇಳಬೇಕಾ?

ಉತ್ತರ: ಎಲ್ಲ ಬೇಕಿಲ್ಲ. ಅವಳಿಗೆ ಏನು ಬೇಕು ಅನ್ನುವುದನ್ನು ಹೇಳಿ. ‘ಗುಂಪು ಮಾಡುವಾಗ ಇವಳನ್ನು ಕೊನೆಗೆ ಉಳಿಸಬೇಡಿ, ಬಿಡುವಿನಲ್ಲಿ ಒಂಟಿ ಆದರೆ ಗಮನಿಸಿ’ ಅಂದರೆ ಶಿಕ್ಷಕರಿಗೆ ಕೆಲಸ ಮಾಡಲು ಅದು ಸಾಕು. ಒಬ್ಬರೇ ಶಿಕ್ಷಕರಿಗೆ ಹೇಳಿ, ಹೇಳುವ ಮುಂಚೆ ಮಗಳನ್ನು ಕೇಳಿ.

ಪ್ರಶ್ನೆ: ನನ್ನ ಗೆಳತಿಗೆ ಮನೆಯಲ್ಲಿ ಹೊಡೆಯುತ್ತಾರೆ. ಯಾರಿಗೂ ಹೇಳಲ್ಲ ಅಂತ ಆಣೆ ಹಾಕಿಸಿಕೊಂಡಿದ್ದಾಳೆ. ನಾನು ಹತ್ತನೇ ತರಗತಿ.

ಉತ್ತರ: ನಿನ್ನನ್ನು ನಂಬಿ ಹೇಳಿದ್ದಾಳೆ, ನೀನೂ ಎದೆಯಲ್ಲಿ ಭಾರ ಹೊತ್ತಿದ್ದೀಯ. ಈ ಆಣೆ ಮುರಿಯಬೇಕು ಕಂದಾ. ಮೊದಲು ಅವಳಿಗೇ ಹೇಳು, ‘ನಿನಗೆ ಏನಾದರೂ ಆದೀತು ಅಂತ ಭಯ, ದೊಡ್ಡವರಿಗೆ ಹೇಳ್ತೀನಿ, ಬೇಕಿದ್ದರೆ ನೀನೂ ಬಾ’ ಅಂತ. ಅವಳು ಸಿಟ್ಟಾಗಬಹುದು. ನೀನು ನಂಬುವ ಒಬ್ಬ ಶಿಕ್ಷಕರಿಗೋ ಆಪ್ತ ಸಲಹೆಗಾರರಿಗೋ ಹೇಳು. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ಇನ್ನೊಬ್ಬರಿಗೆ ಹೇಳು. ಕೇಳುವವರು ಸಿಗುವ ತನಕ ಹೇಳು.