ಆಟೋಕ್ಯಾಡೋ ಸಾಲಿಡ್‌ವರ್ಕ್ಸೋ? ಮೊದಲು ಮೂಲೆಯ ಆ ಪುಟ್ಟ ಚಿಹ್ನೆ ನೋಡಿ

ದೇಂಕಣಿಕೋಟೆಯವರು, ಮೆಕ್ಯಾನಿಕಲ್ ಡಿಪ್ಲೊಮಾ ಆಗಿದೆ, ಹೊಸೂರಿನಲ್ಲಿ ಕೆಲಸ ಬೇಕು, ದಿನಾ ಬೆಂಗಳೂರಿಗೆ ಬಸ್ಸಲ್ಲಿ ಓಡಾಡಿ ಮೂರು ತಿಂಗಳು, ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಬರೆಯುವ ಸಾಫ್ಟ್‌ವೇರುಗಳಲ್ಲಿ ಆಟೋಕ್ಯಾಡ್ ಕಲಿಯಲೇ ಸಾಲಿಡ್‌ವರ್ಕ್ಸ್ ಕಲಿಯಲೇ ಅಂತ ಕೇಳಿದ್ದೀರಿ. ಒಂದು ಕಾಲಕ್ಕೆ ಇದು ನನ್ನದೇ ಪ್ರಶ್ನೆ. ನಾನು ಎರಡನ್ನೂ ಕಲಿತೆ, ಎರಡಕ್ಕೂ ಸರ್ಟಿಫಿಕೇಟ್ ಬಂತು. ಆಮೇಲೆ ನನ್ನ ಡ್ರಾಯಿಂಗ್ ನಂಬಿ ಮಾಡಿದ 64 ಬ್ರಾಕೆಟ್ ಗುಜರಿಗೆ ಹೋದವು.

ಭಾಗ ತೀರಾ ಸರಳ. 6 ಎಂಎಂ ಪ್ಲೇಟ್ ಬಗ್ಗಿಸಿದ ಎಲ್ ಆಕಾರದ ಬ್ರಾಕೆಟ್: ಬೇಸ್ 60, ನಿಂತ ಕಾಲು 40, ಉದ್ದ 80. ಬೇಸಿನಲ್ಲಿ 9 ಎಂಎಂನ ಎರಡು ತೂತು, ಮುಂದಿನ ಅಂಚಿನಿಂದ 12ಕ್ಕೆ ಒಂದು, 42ಕ್ಕೆ ಇನ್ನೊಂದು. ಗಿರಾಕಿ ಕಳಿಸಿದ್ದು ಅಮೆರಿಕದ ಡ್ರಾಯಿಂಗ್, ಅಂದರೆ ಥರ್ಡ್ ಆಂಗಲ್. ಮುಂದಿನಿಂದ, ಮೇಲಿನಿಂದ ನೋಡಿದ ನೋಟಗಳನ್ನು (ವ್ಯೂ) ಹಾಳೆಯಲ್ಲಿ ಎಲ್ಲೆಲ್ಲಿ ಇಡಬೇಕು ಅನ್ನುವ ಎರಡು ಪದ್ಧತಿಗಳಲ್ಲಿ ಇದೊಂದು, ಇನ್ನೊಂದು ಫಸ್ಟ್ ಆಂಗಲ್. ನಾನು ವ್ಯೂಗಳನ್ನು ಇದ್ದಲ್ಲೇ ಇದ್ದ ಹಾಗೆ ಬರೆದು ನಮ್ಮ ಟೆಂಪ್ಲೇಟಿಗೆ ಹಾಕಿದೆ. ಟೆಂಪ್ಲೇಟಿನ ಟೈಟಲ್ ಬ್ಲಾಕಿನಲ್ಲಿ, ಅಂದರೆ ಹಾಳೆಯ ಮೂಲೆಯ ವಿವರದ ಚೌಕದಲ್ಲಿ, ಫಸ್ಟ್ ಆಂಗಲ್ ಚಿಹ್ನೆ ಇತ್ತು.

ಇದೊಂದನ್ನು ಉದ್ದಕ್ಕೇ ಹೇಳುತ್ತೇನೆ, ಬೇಜಾರಾಗಬೇಡಿ. ಥರ್ಡ್ ಆಂಗಲ್‌ನಲ್ಲಿ ಫ್ರಂಟ್ ವ್ಯೂ ಮೇಲ್ಗಡೆ ಇರುವುದು ಮೇಲಿನಿಂದ ನೋಡಿದ ನೋಟ. ಅದರಲ್ಲಿ ಫ್ರಂಟ್ ವ್ಯೂಗೆ ಹತ್ತಿರದ ಅಂಚು ಭಾಗದ ಮುಂದಿನ ಅಂಚು. ಫಸ್ಟ್ ಆಂಗಲ್‌ನಲ್ಲಿ ಅದೇ ಜಾಗದಲ್ಲಿ ಬರುವುದು ಕೆಳಗಿನಿಂದ ನೋಡಿದ ನೋಟ, ಹತ್ತಿರದ ಅಂಚು ಹಿಂದಿನದು. ಹಾಗಾಗಿ ಚಿಹ್ನೆ ನೋಡಿ ಓದಿದ ಆಪರೇಟರ್ ಎರಡೂ ತೂತುಗಳನ್ನು ಹಿಂದಿನ ಅಂಚಿನಿಂದ ಗುರುತು ಹಾಕಿದ. ಬಂದದ್ದು ಕನ್ನಡಿಯೊಳಗಿನ ಬ್ರಾಕೆಟ್. ಎಡಗಾಲಿನ ಚಪ್ಪಲಿ ಬಲಗಾಲಿಗೆ ಆಗದ ಹಾಗೆ, ಅದನ್ನು ಹೇಗೆ ತಿರುವಿದರೂ ಬೋಲ್ಟ್‌ಗೆ ಕೂರಲ್ಲ. ಇನ್ಸ್‌ಪೆಕ್ಷನ್‌ನಲ್ಲಿ ವರ್ನಿಯರ್ ಹಿಡಿದು ಎಲ್ಲ ಅಳತೆ ನೋಡಿದರು, ಎಲ್ಲವೂ ಸರಿ: 12 ಹನ್ನೆರಡೇ, 42 ನಲವತ್ತೆರಡೇ. ಡ್ರಾಯಿಂಗಿನಲ್ಲಿ ಇದ್ದದ್ದು ಒಂದೇ ಒಂದು ಸುಳಿವು. ನಿಂತ ಕಾಲಿನ ಗೆರೆ ಆ ನೋಟದಲ್ಲಿ ಇಡೀ ಗೆರೆಯಾಗಿತ್ತು. ಕೆಳಗಿನಿಂದ ನೋಡಿದ್ದಾಗಿದ್ದರೆ ಕಾಲು ಮರೆಯಾಗಿ ಅದು ತುಂಡು ಗೆರೆ ಆಗಬೇಕಿತ್ತು. ಯಾರೂ ಗಮನಿಸಲಿಲ್ಲ. ಅವರು ಯಾಕೆ ಗಮನಿಸಬೇಕು, ಬರೆದವನು ನಾನು.

ನಮ್ಮ ಬಿಐಎಸ್‌ (ಭಾರತೀಯ ಮಾನಕ ಬ್ಯೂರೋ) ತಂದಿರುವ ಡ್ರಾಯಿಂಗ್ ಕೈಪಿಡಿ ಎಸ್‌ಪಿ 46 ಹೇಳುವುದು ಫಸ್ಟ್ ಆಂಗಲ್. ಹೊಸೂರಿನ ಶಾಪ್‌ಗಳಿಗೆ ಎರಡೂ ಬರುತ್ತವೆ. ಮೊಟಕು ಶಂಕುವಿನ ಚಿಹ್ನೆಯಲ್ಲಿ ಸಣ್ಣ ತುದಿ ಎಡಕ್ಕಿದ್ದು, ವೃತ್ತಗಳು ಬಲಗಡೆ ಇದ್ದರೆ ಫಸ್ಟ್. ಎಡಗಡೆ ಇದ್ದರೆ ಥರ್ಡ್. ಅಳತೆ ಓದುವ ಮೊದಲು ಕಣ್ಣು ಅಲ್ಲಿಗೆ ಹೋಗಬೇಕು.

ಈಗ ನಿಮ್ಮ ಪ್ರಶ್ನೆ. ಯಾವ ಸಾಫ್ಟ್‌ವೇರ್ ಅನ್ನುವ ಪ್ರಶ್ನೆಯೇ ಸರಿಯಿಲ್ಲ. ಆ ಬ್ರಾಕೆಟ್‌ಗಳು ಗುಜರಿಗೆ ಹೋದದ್ದು ಸಾಫ್ಟ್‌ವೇರಿನಿಂದಲ್ಲ, ನಾನು ಚಿಹ್ನೆ ನೋಡದ್ದರಿಂದ. ಕೋರ್ಸಿಗೆ ದುಡ್ಡು ಕಟ್ಟುವ ಮೊದಲು 150 ಎಂಎಂ ವರ್ನಿಯರ್ ಒಂದು ಕೊಳ್ಳಿ, ಗುಜರಿ ಅಂಗಡಿಯಿಂದ ಹಳೇ ಬೇರಿಂಗ್ ಬ್ಲಾಕ್ ಒಂದು ತನ್ನಿ. ಬಿಳಿ ಹಾಳೆಯ ಮೇಲೆ ಬರೀ ಕೈಯಲ್ಲಿ ಮೂರು ವ್ಯೂ, ಕೊಯ್ದರೆ ಒಳಗೆ ಕಾಣುವ ನೋಟ (ಸೆಕ್ಷನ್) ಒಂದು ಬರೆದು ಅಳತೆ ತುಂಬಿ. ಭಾಗವನ್ನು ಬೀರುವಿನಲ್ಲಿಟ್ಟು, ಆ ಹಾಳೆಯೊಂದನ್ನೇ ನೋಡಿಕೊಂಡು ಫ್ರೀಕ್ಯಾಡ್‌ನಲ್ಲಿ ಬರೆಯಿರಿ, ಅದಕ್ಕೆ ಕಾಸಿಲ್ಲ. ಯಾವ ಅಳತೆ ಬಿಟ್ಟಿದ್ದೀರಿ ಅಂತ ಅಲ್ಲೇ ಗೊತ್ತಾಗುತ್ತದೆ. ಆಮೇಲೆ 1:1ರಲ್ಲಿ ಪ್ರಿಂಟ್ ತೆಗೆದು ಭಾಗವನ್ನು ಅದರ ಮೇಲಿಟ್ಟು ನೋಡಿ. ಪ್ರಿಂಟ್ ಸೆಟ್ಟಿಂಗ್‌ನಲ್ಲಿ ‘ಫಿಟ್’ ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಚಿತ್ರವೇ ಕುಗ್ಗಿ ತಪ್ಪು ನಿಮ್ಮದೋ ಪ್ರಿಂಟರಿನದೋ ತಿಳಿಯುವುದಿಲ್ಲ.

ಐದು ತೂತು ಸಾಲಾಗಿದ್ದರೆ ಒಂದರಿಂದ ಇನ್ನೊಂದಕ್ಕೆ ಅಂತ ಸರಪಳಿ ಅಳತೆ ಕೊಡಬೇಡಿ. ಪ್ರತಿ ಅಂತರಕ್ಕೆ ±0.2 ಇದ್ದರೆ ಮೊದಲ ತೂತಿನಿಂದ ಐದನೆಯದರ ಹೊತ್ತಿಗೆ ±0.8 ಆಗಿರುತ್ತದೆ. ಎಲ್ಲವನ್ನೂ ಒಂದೇ ಅಂಚಿನಿಂದ ಅಳೆಯಿರಿ. ಇನ್ನೊಂದು ಕೆಟ್ಟ ಚಾಳಿ ಇದೆ: ಗೆರೆ 50 ಇದ್ದರೂ ಡೈಮೆನ್ಷನ್ ಮೇಲೆ 52 ಅಂತ ಟೈಪ್ ಮಾಡಿ ಕೈ ತೊಳೆದುಕೊಳ್ಳುವುದು. ಲೇಸರ್ ಕಟಿಂಗ್‌ಗೆ ಹೋಗುವುದು ಡಿಎಕ್ಸ್‌ಎಫ್ ಅನ್ನುವ ಡ್ರಾಯಿಂಗ್ ಫೈಲು. ಆ ಮಿಷನ್ ನಿಮ್ಮ ಅಕ್ಷರ ಓದಲ್ಲ, ಗೆರೆ ಹಿಡಿದು 50ಕ್ಕೇ ಕತ್ತರಿಸುತ್ತದೆ. ಕಳಿಸುವ ಮೊದಲು ಯೂನಿಟ್ ಕೂಡ ನೋಡಿ, ಇಂಚು ಮಿಲಿಮೀಟರ್ ಕಲಸಿಹೋದರೆ ಭಾಗ 25.4 ಪಟ್ಟು ಹೆಚ್ಚು ಕಡಿಮೆ ಆಗುತ್ತದೆ.

ಶೀಟ್ ಮೆಟಲ್ ಶಾಪಿಗೆ ಹೋಗುವ ಆಸೆ ಇದ್ದರೆ ಆಗ ಸಾಲಿಡ್‌ವರ್ಕ್ಸ್ ಕಲಿಯಿರಿ, ಫ್ಲಾಟ್ ಪ್ಯಾಟರ್ನ್, ಅಂದರೆ ಬಗ್ಗಿಸುವ ಮೊದಲಿನ ಚಪ್ಪಟೆ ಆಕಾರ, ಅದೇ ತೆಗೆದುಕೊಡುತ್ತದೆ. ಆದರೂ ಒಂದು ಸಲ ಕೈಯಲ್ಲಿ ಲೆಕ್ಕ ಹಾಕಿ ನೋಡಿ. 2 ಎಂಎಂ ಶೀಟು, ಒಳ ರೇಡಿಯಸ್ 2, ಹೊರ ಅಳತೆ 50 ಮತ್ತು 50, 90 ಡಿಗ್ರಿ ಬೆಂಡ್. ಬಿಚ್ಚಿದ ಉದ್ದ 100 ಅಲ್ಲ. ಬಗ್ಗಿಸುವಾಗ ಹಿಗ್ಗದೆ ಕುಗ್ಗದೆ ಉಳಿಯುವ ಪದರ ಒಳಮೈಯಿಂದ ದಪ್ಪದ ಎಷ್ಟು ಪಾಲಿನಲ್ಲಿದೆ ಅನ್ನುವುದು ಕೆ ಫ್ಯಾಕ್ಟರ್. ಅದನ್ನು 0.4 ಹಿಡಿದರೆ 2 ಎಂಎಂಗೆ 0.8, ಬೆಂಡಿನ ಪಾಲು 1.571 (π/2) × (2 + 0.8), ಅಂದರೆ 4.4. 50ರಲ್ಲಿ ದಪ್ಪ 2, ರೇಡಿಯಸ್ 2 ಕಳೆದು ನೆಟ್ಟಗಿನ ಭಾಗ ಎರಡು ಕಡೆ 46, ಒಟ್ಟು 96.4. ಆ 0.4 ಶೀಟಿಗೂ ಡೈಗೂ ತಕ್ಕಂತೆ ಬದಲಾಗುತ್ತದೆ. ಕಂಪ್ಯೂಟರಿನಲ್ಲಿ ಮೊದಲೇ ತುಂಬಿರುವ ಅಂಕಿಯನ್ನು ನಂಬದೆ, ಪ್ರೆಸ್ ಬ್ರೇಕ್ (ಶೀಟ್ ಬಗ್ಗಿಸುವ ಮಿಷನ್) ಓಡಿಸುವ ಅಣ್ಣನಿಂದ ಒಂದು ತುಂಡು ಬಗ್ಗಿಸಿಕೊಂಡು, ಅಳೆದು, ಅಂಕಿ ಬರೆದಿಟ್ಟುಕೊಳ್ಳಿ.