ಹಳೆ ಕಾರಿಗೆ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಸ್ವಿಚ್ ಹಾಕಿಸಬಹುದೇ?

ಹಾಕಿಸಬಹುದು, ನಾನೇ ಹಾಕಿಸಿಕೊಂಡಿದ್ದೇನೆ. ಆದರೆ ಮೆಕ್ಯಾನಿಕ್ ನಿಮಗೆ "ಎಬಿಎಸ್ ಫ್ಯೂಸಿನ ವೈರಿಗೇ ಒಂದು ಸ್ವಿಚ್ ಕೂರಿಸಿಕೊಡ್ತೀನಿ" ಅಂದಿದ್ದಾರೆ ಎಂದು ಬರೆದಿದ್ದೀರಲ್ಲ, ಅದನ್ನು ಮಾತ್ರ ದಯವಿಟ್ಟು ಮಾಡಿಸಬೇಡಿ. ಎಬಿಎಸ್ ಅಂದರೆ ಗಟ್ಟಿಯಾಗಿ ಬ್ರೇಕ್ ಹೊಡೆದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ.

ನಮ್ಮ ಮನೆ ಮೂಡಿಗೆರೆ ಕಡೆ. ಟಾರು ರಸ್ತೆ ಬಿಟ್ಟ ಮೇಲೆ ಮನೆವರೆಗೂ ಮಣ್ಣಿನ ಏರು. ಮಳೆಗಾಲ ಹಿಡಿಯಿತು ಅಂದರೆ ನಿಮಗೆ ಆಗುತ್ತಿರುವುದೇ ನನಗೂ ಆಗುತ್ತಿತ್ತು: ಅರ್ಧ ಏರಿನಲ್ಲಿ ಮುಂದಿನ ಚಕ್ರ ಜಾರುತ್ತದೆ, ಮೀಟರಿನಲ್ಲಿ ಹಳದಿ ದೀಪ ಮಿನುಗುತ್ತದೆ, ಆಮೇಲೆ ಎಷ್ಟೇ ರೇಸ್ ಕೊಟ್ಟರೂ ಎಂಜಿನ್ ಏಳುವುದಿಲ್ಲ. ಗಾಡಿ ಅಲ್ಲೇ ನಿಲ್ಲುತ್ತದೆ.

ಜಾರುವ ಚಕ್ರ ಕಂಡ ಕೂಡಲೇ ಟ್ರ್ಯಾಕ್ಷನ್ ಕಂಟ್ರೋಲ್ ಎರಡು ಕೆಲಸ ಮಾಡುತ್ತದೆ. ಒಂದು, ಎಂಜಿನ್ನಿನ ಶಕ್ತಿ ಇಳಿಸುತ್ತದೆ. ಇನ್ನೊಂದು, ಆ ಚಕ್ರಕ್ಕೆ ಮಾತ್ರ ಬ್ರೇಕ್ ಹಿಡಿಯುತ್ತದೆ. ಒದ್ದೆ ಟಾರಿನಲ್ಲಿ ಎರಡೂ ಬೇಕು. ಕೆಸರಿನಲ್ಲಿ ಹಾಗಲ್ಲ. ಅಲ್ಲಿ ಚಕ್ರ ಸ್ವಲ್ಪ ಜೋರಾಗಿಯೇ ಸುತ್ತಬೇಕು, ಟೈರಿನ ಗೀರುಗಳಲ್ಲಿ ಮೆತ್ತಿಕೊಂಡ ಮಣ್ಣನ್ನು ಎರಚಬೇಕು, ಕೆಳಗಿನ ಗಟ್ಟಿ ನೆಲ ಸಿಗಬೇಕು. ಎಂಜಿನ್ ಶಕ್ತಿ ಇಳಿದರೆ ಇದ್ಯಾವುದೂ ಆಗುವುದಿಲ್ಲ. ಆದರೆ ಎರಡನೆಯ ಕೆಲಸ ಕೆಸರಿನಲ್ಲೂ ಉಪಕಾರಿ: ಸುಮ್ಮನೆ ಸುತ್ತುವ ಚಕ್ರವನ್ನು ಹಿಡಿದರೆ ಎರಡು ಚಕ್ರಗಳಿಗೂ ಶಕ್ತಿ ಹಂಚುವ ಡಿಫರೆನ್ಷಿಯಲ್ ಮೂಲಕ ಶಕ್ತಿ ಆಚೆ ಚಕ್ರಕ್ಕೆ ಹೋಗುತ್ತದೆ. ಹಲವು ಕಾರುಗಳಲ್ಲಿ ಕಂಪನಿಯ ಆಫ್ ಬಟನ್ ಮೊದಲನೆಯದನ್ನು ನಿಲ್ಲಿಸಿ ಎರಡನೆಯದನ್ನು ಉಳಿಸಿಕೊಳ್ಳುತ್ತದೆ. ಫ್ಯೂಸ್ ಕಿತ್ತರೆ ಎರಡೂ ಹೋದವು.

ಅಷ್ಟೇ ಹೋಗಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ಬಾಷ್ ಕಂಪನಿ 1978ರಲ್ಲಿ ಎಬಿಎಸ್ ತಂದಿತು, 1986ರಲ್ಲಿ ಟ್ರ್ಯಾಕ್ಷನ್ ಕಂಟ್ರೋಲನ್ನು ಅದರ ಮೇಲೆಯೇ ಕಟ್ಟಿತು. ಇವತ್ತಿಗೂ ಎರಡಕ್ಕೂ ಅದೇ ಚಕ್ರದ ಸೆನ್ಸರುಗಳು, ಅದೇ ಪಂಪು, ಅದೇ ಮಾಡ್ಯೂಲ್ (ಇವನ್ನು ನಡೆಸುವ ಕಂಪ್ಯೂಟರ್ ಪೆಟ್ಟಿಗೆ). ಕರೆಂಟ್ ಕಡಿದರೆ ಎಬಿಎಸ್ ಕೂಡ ಇಲ್ಲ, ಮುಂದಿನ-ಹಿಂದಿನ ಚಕ್ರಗಳಿಗೆ ಬ್ರೇಕಿನ ಒತ್ತಡ ಹಂಚುವ ಇಬಿಡಿ ಕೂಡ ಇಲ್ಲ. ಇಬಿಡಿ ಹೋಗುವುದು ಇನ್ನೂ ಕೆಟ್ಟದ್ದು. ಹಿಂದಿನ ಬ್ರೇಕಿಗೆ ಒತ್ತಡ ಮಿತಿಮೀರದಂತೆ ತಡೆಯಲು ಹಿಂದೆಲ್ಲ ಒಂದು ವಾಲ್ವ್ ಇರುತ್ತಿತ್ತು. ಇಬಿಡಿ ಬಂದ ಮೇಲೆ ಬಹಳಷ್ಟು ಕಾರುಗಳಲ್ಲಿ ಆ ವಾಲ್ವನ್ನೇ ತೆಗೆದುಹಾಕಿದರು. ಏರು ಹತ್ತಿದ ಮೇಲೆ ಸ್ವಿಚ್ ಮರೆತು ಚಾರ್ಮಾಡಿ ಇಳಿಯುವಾಗ ಗಟ್ಟಿಯಾಗಿ ಬ್ರೇಕ್ ಹೊಡೆದಿರಿ ಅಂದುಕೊಳ್ಳಿ: ಹಿಂದಿನ ಚಕ್ರ ಮೊದಲು ಕಚ್ಚಿಕೊಳ್ಳಬಹುದು, ಗಾಡಿ ಅಡ್ಡ ತಿರುಗಬಹುದು. ಸೆನ್ಸರ್ ವೈರಿಗೆ ಸ್ವಿಚ್ ಹಾಕುವುದೂ ಇಂಥದ್ದೇ ಕೆಲಸ.

ಸರಿಯಾದ ದಾರಿ ಬೇರೆ. ನಿಮ್ಮದೇ ಮಾಡೆಲಿನ ಟಾಪ್ ವೇರಿಯಂಟಿನಲ್ಲಿ ಆಫ್ ಬಟನ್ ಇತ್ತೇ ನೋಡಿ. ನನ್ನ ಕಾರಿನಲ್ಲಿ ಗೇರ್ ಪಕ್ಕ ಒಂದು ಖಾಲಿ ಪ್ಲಾಸ್ಟಿಕ್ ಮುಚ್ಚಳ ಇತ್ತು. ಅದನ್ನು ತೆಗೆದರೆ ಹಿಂದೆ ಕನೆಕ್ಟರ್ ಸಿದ್ಧವಾಗಿಯೇ ಇತ್ತು! ಬಟನ್ ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿತು. ಕನೆಕ್ಟರ್ ಇಲ್ಲದಿದ್ದರೆ ವೈರಿಂಗ್ ಡಯಾಗ್ರಾಂ ಇಟ್ಟುಕೊಂಡು ಮಾಡ್ಯೂಲಿನ ಯಾವ ಪಿನ್ನಿಗೆ ಬಟನ್ ವೈರ್ ಹೋಗಬೇಕು ಅಂತ ಹುಡುಕಿ ಹೊಸ ವೈರ್ ಎಳೆಯಬೇಕು. ಕೆಲವದರಲ್ಲಿ ಬಟನ್ ಒತ್ತಿದಾಗ ಆ ಪಿನ್ನಿಗೆ ಅರ್ತ್ ಸಿಗಬೇಕು, ಕೆಲವದರಲ್ಲಿ 12 ವೋಲ್ಟ್. ಊಹೆಯ ಮೇಲೆ 12 ವೋಲ್ಟ್ ಕೊಟ್ಟು ಮಾಡ್ಯೂಲ್ ಸುಟ್ಟರೆ ಹಳೆ ಗಾಡಿಗೆ ಅದು ದೊಡ್ಡ ಏಟು.

ಬಟನ್ ಕಾಲಿಂಗ್ ಬೆಲ್ಲಿನ ಥರದ್ದೇ ಇರಬೇಕು, ಒತ್ತಿ ಬಿಟ್ಟರೆ ವಾಪಸ್ ಬರುವಂಥದ್ದು. ಲೈಟಿನ ಸ್ವಿಚ್ ಥರ ಒತ್ತಿದಂತೆಯೇ ನಿಲ್ಲುವುದನ್ನು ಹಾಕಿದರೆ ಬಟನ್ ಕಚ್ಚಿಕೊಂಡಿದೆ ಎಂದು ತಿಳಿದು ಮಾಡ್ಯೂಲ್ ಫಾಲ್ಟ್ ತೋರಿಸಬಹುದು. ಕೆಲವು ಗಾಡಿಗಳಿಗೆ ಸ್ಕ್ಯಾನರ್ ಹಾಕಿ ಕೋಡಿಂಗ್ ಕೂಡ, ಅಂದರೆ ಗಾಡಿಯಲ್ಲಿ ಈ ಬಟನ್ ಇದೆ ಎಂದು ಮಾಡ್ಯೂಲಿಗೆ ತಿಳಿಸುವ ಸೆಟ್ಟಿಂಗ್, ಬದಲಿಸಬೇಕು. ಹಳೆ ಕೋಡ್ ಬರೆದಿಟ್ಟುಕೊಳ್ಳದೆ ಯಾರಿಗೂ ಕೈ ಹಾಕಲು ಬಿಡಬೇಡಿ. ಬಟನ್ ಒತ್ತಿದ ಸಂದೇಶ ಕ್ಯಾನ್ ಬಸ್ಸಿನಲ್ಲಿ (ಗಾಡಿಯ ಮಾಡ್ಯೂಲುಗಳು ಒಂದಕ್ಕೊಂದು ಸಂದೇಶ ಕಳಿಸುವ ಜಾಲ) ಹೋಗುವ ಗಾಡಿಯಾದರೆ ಬರೀ ವೈರ್ ಎಳೆದು ಏನೂ ಆಗುವುದಿಲ್ಲ. ಯಾವ ವೇರಿಯಂಟಿಗೂ ಬಟನ್ ಇರಲಿಲ್ಲ ಅಂದರೆ ಈ ಆಸೆ ಬಿಡುವುದೇ ಒಳ್ಳೆಯದು.

ಇದಕ್ಕೆಲ್ಲ ಮೊದಲು ಟೈರ್ ನೋಡಿ. ಒಂದು ಕಡೆ ಹೊಸದು, ಇನ್ನೊಂದು ಕಡೆ ಸವೆದದ್ದು ಇದ್ದರೆ ಎರಡರ ಸುತ್ತು ಹೊಂದುವುದಿಲ್ಲ. ವ್ಯತ್ಯಾಸ ಹೆಚ್ಚಾದರೆ ಜಾರದೆಯೇ ಜಾರಿದೆ ಅಂತ ಮಾಡ್ಯೂಲ್ ತಿಳಿದುಕೊಳ್ಳಬಹುದು. ನಾನು ಮುಂದಿನ ಎರಡು ಟೈರ್ ಜೊತೆಯಾಗಿ ಬದಲಿಸಿದ ಮೇಲೆ ಏರಿನ ಅರ್ಧ ತಾಪತ್ರಯ ಕಳೆಯಿತು, ಬಟನ್ ಬೇಕಾಗುವುದು ಈಗ ಜೋರು ಮಳೆಯ ದಿನಗಳಲ್ಲಿ ಮಾತ್ರ.

ಕೆಲಸ ಮುಗಿದ ಮೇಲೆ ಬಟನ್ ಒತ್ತಿ ಮೀಟರ್ ನೋಡಿ. ಟ್ರ್ಯಾಕ್ಷನ್ ಆಫ್ ದೀಪ ಒಂದೇ ಹತ್ತಬೇಕು. ಜೊತೆಗೆ ಎಬಿಎಸ್ ದೀಪವೋ ಬ್ರೇಕಿನ ಕೆಂಪು ದೀಪವೋ ಹತ್ತಿದರೆ ವೈರಿಂಗ್ ತಪ್ಪಿದೆ, ಸರಿಮಾಡಿಸುವ ತನಕ ಗಾಡಿ ರಸ್ತೆಗೆ ತೆಗೆಯಬೇಡಿ. ಕೀ ತೆಗೆದು ಮತ್ತೆ ಹಾಕಿದಾಗ ಟ್ರ್ಯಾಕ್ಷನ್ ತಾನಾಗಿಯೇ ಆನ್ ಆಗಿರಬೇಕು. ನಿಮ್ಮ ಗಾಡಿಯ ಮಾಡೆಲ್, ವರ್ಷ, ವೇರಿಯಂಟ್ ತಿಳಿಸಿ, ಬಟನ್ ಇದ್ದ ವೇರಿಯಂಟ್ ಬಂದಿತ್ತೇ ಅಂತ ನಾನೂ ಹುಡುಕಿ ಹೇಳುತ್ತೇನೆ.