ಕ್ಯೂಸಿ ಕೆಲಸ ಬಿಟ್ಟು ಕೆಮಿಸ್ಟ್ರಿ ಪಿಎಚ್.ಡಿ.ಗೆ ಹೋಗಬೇಕಾ?

ಎಂ.ಎಸ್ಸಿ ಆರ್ಗ್ಯಾನಿಕ್ ಕೆಮಿಸ್ಟ್ರಿ ಮುಗಿಸಿ ಬೀದರ್‌ನ ಕೊಲ್ಹಾರದ ಔಷಧ ಕಾರ್ಖಾನೆಯಲ್ಲಿ ಕ್ಯೂಸಿ (ಗುಣಮಟ್ಟ ಪರೀಕ್ಷಿಸುವ) ಕೆಲಸದಲ್ಲಿದ್ದೀರಿ, ಬಿಟ್ಟು ಪಿಎಚ್.ಡಿ.ಗೆ ಹೋಗಲಾ ಅಂತ ಕೇಳಿದ್ದೀರಿ. ಈಗಲೇ ಬಿಡಬೇಡಿ.

ಮೊದಲು ಸಿಎಸ್‌ಐಆರ್ ನೆಟ್ ಪರೀಕ್ಷೆ ಬರೆಯಿರಿ. ಅದರಿಂದ ಜೆಆರ್‌ಎಫ್, ಅಂದ್ರೆ ಸಂಶೋಧನೆ ಮಾಡೋರಿಗೆ ಕೊಡುವ ಫೆಲೋಶಿಪ್, ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ನಾನು ಫೆಲೋಶಿಪ್ ಇಲ್ಲದೆ ಸೇರಿದವನು. ಟ್ಯೂಷನ್ ಹೇಳಿ ಬಂದ ದುಡ್ಡಲ್ಲಿ ಲ್ಯಾಬಿಗೆ ಸಾಲ್ವೆಂಟ್ (ದ್ರಾವಕ) ತಂದಿದ್ದೇನೆ, ಆ ಪಾಡು ಬೇಡ.

ಕೆಲಸ ಹೇಗಿರುತ್ತೆ ಅಂದ್ರೆ, ಜಾಸ್ತಿ ರಿಯಾಕ್ಷನ್ ಕೆಡುತ್ತವೆ. ಮಿಶ್ರಣದಿಂದ ಬೇಕಾದ ವಸ್ತು ಬೇರ್ಪಡಿಸೋಕೆ ಕಾಲಂ ಹಾಕುವುದು, ಬೇರೆಯಾಯಿತಾ ಅಂತ ಟಿಎಲ್‌ಸಿ ಪ್ಲೇಟನ್ನು ಯುವಿ ದೀಪದಡಿ ನೋಡುವುದು, ಮತ್ತೆ ಕಾಲಂ. ನಾವು ಬಳಸುವ ಈಥರ್ ಅನ್ನೋ ಸಾಲ್ವೆಂಟ್ ಕುದಿಯುವುದು ಸುಮಾರು 35 ಡಿಗ್ರಿಗೆ. ಕಲಬುರಗಿಯ ಮೇ ತಿಂಗಳು 40 ದಾಟುತ್ತೆ! ಬಾಟಲಿ ಮುಚ್ಚಳ ತೆಗೆಯುವಾಗ ಎದೆ ಢವಢವ ಅಂತಿತ್ತು. ಆದರೂ ಬೇಕಾದ ವಸ್ತು ಬಿಳಿ ಹರಳಾಗಿ ಕೂತ ದಿನ ಊಟ ನೆನಪಾಗಲ್ಲ.

ನಿಮ್ಮ ಎಚ್‌ಪಿಎಲ್‌ಸಿ (ಮಿಶ್ರಣದಲ್ಲಿ ಏನೇನು ಎಷ್ಟಿದೆ ಅಂತ ಅಳೆಯುವ ಯಂತ್ರ) ಅನುಭವ ಅಲ್ಲೂ ಉಪಯೋಗಕ್ಕೆ ಬರುತ್ತೆ. ಕಲಬುರಗಿ ಹತ್ತಿರ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಹೈದರಾಬಾದ್‌ನ ಕೆಮಿಸ್ಟ್ರಿ ಸಂಶೋಧನಾ ಸಂಸ್ಥೆ ಐಐಸಿಟಿ ಎರಡೂ ನಿಮಗೆ ದೂರವಲ್ಲ. ಹೆಸರಿಗಿಂತ ಗೈಡ್ ಮುಖ್ಯ. ಅವರ ಕೈಕೆಳಗಿರುವ ಹುಡುಗರನ್ನು ಕ್ಯಾಂಟೀನಿಗೆ ಕರೆದು, ಚಹಾ ಕುಡಿಸಿ ಕೇಳಿ.